ಎಷ್ಟನೇ ರ‍್ಯಾಂಕು? ಗೊತ್ತಿಲ್ಲ ಮಾರಾಯ್ರೆ

ಕಾಲೇಜಿನ ವಿದ್ಯಾರ್ಥಿ ವಿನಿಮಯ ಒಪ್ಪಂದದ ಮೇಲೆ ಒಂದು ವರ್ಷ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಓದಿ ಬಂದೆ. ಅಂದಿನಿಂದ ಉಡುಪಿಯಲ್ಲಿ ನನಗೆ ಸಂಬಳವಿಲ್ಲದ ಒಂದು ಉದ್ಯೋಗ. ರಥಬೀದಿಯಲ್ಲಿ, ಸಿಟಿ ಬಸ್ಸಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ಅದೇ ಪ್ರಶ್ನೆ: “ಮಗಳನ್ನು ಒಂದು ವರ್ಷಕ್ಕೆ ಹೊರಗೆ ಕಳಿಸುವ ಅಂತ. ಯಾವ ಯೂನಿವರ್ಸಿಟಿ ಒಳ್ಳೇದು?” ಎಂತಕ್ಕೆ ಒಳ್ಳೇದು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಕಾಯಿಲೆ ಹೇಳದೆ ಕಷಾಯ ಕೇಳಿದ ಹಾಗೆ ಕೇಳುತ್ತಾರೆ.

ಕಳೆದ ಫೆಬ್ರವರಿಯಲ್ಲಿ ಒಂದು ಮದುವೆ ಊಟ. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಅಪ್ಪನ ಕಡೆಯ ದೂರದ ಸಂಬಂಧ, ನಾವು ಮಾವ ಅನ್ನುವವರು. ಅವರ ಆಚೆ ಅವರ ಮಗಳು.

“ನೀನು ಹೋದದ್ದು ಎಷ್ಟನೇ ರ‍್ಯಾಂಕಿಂದು?”

“ಗೊತ್ತಿಲ್ಲ ಮಾವ.”

“ಗೊತ್ತಿಲ್ಲದೆ ಹೋದ್ಯಾ!”

ಮಾವನ ಬಲಗೈ ಮಟ್ಟುಗುಳ್ಳದ ಹುಳಿಯಲ್ಲಿ, ಎಡಗೈ ಮೊಬೈಲಿನಲ್ಲಿ. ಹೆಬ್ಬೆರಳಲ್ಲಿ ಕ್ಯೂಎಸ್ ಪಟ್ಟಿಯನ್ನು, ಅಂದರೆ ಜಗತ್ತಿನ ಯೂನಿವರ್ಸಿಟಿಗಳಿಗೆ ಸ್ಥಾನ ಕೊಡುವ ಪಟ್ಟಿಯನ್ನು, ಕೆಳಗೆ ಕೆಳಗೆ ದೂಡುತ್ತಲೇ ಹೋದರು. ಅಷ್ಟರಲ್ಲಿ ಹೋಳಿಗೆಗೆ ತುಪ್ಪ ಬಡಿಸುವವನು ಅವರನ್ನು ದಾಟಿ ಮುಂದೆ ಹೋದ. “ಇದು ನೂರರೊಳಗೇ ಇಲ್ವಲ್ಲ,” ಅಂದರು. ನನ್ನ ಬಗ್ಗೆ ಮರುಕ, ತುಪ್ಪದ ಬಗ್ಗೆ ಸಿಟ್ಟು, ಎರಡೂ ಒಂದೇ ದನಿಯಲ್ಲಿ.

ಆ ಪಟ್ಟಿಯಲ್ಲಿ 100 ಅಂಕಕ್ಕೆ 30 ಎಲ್ಲಿಂದ ಬರುತ್ತದೆ ಗೊತ್ತುಂಟಾ? ಬೇರೆ ಬೇರೆ ಕಡೆಯ ಅಧ್ಯಾಪಕರನ್ನು “ಯಾವುದು ಹೆಸರುವಾಸಿ?” ಅಂತ ಕೇಳಿ ಬರೆದುಕೊಂಡದ್ದರಿಂದ. ಉದ್ಯೋಗ ಕೊಡುವವರನ್ನು ಕೇಳಿದ್ದಕ್ಕೆ ಇನ್ನು 15. ನಮ್ಮಲ್ಲಿ ಜಾತಕ ತರುವವರು “ಒಳ್ಳೆ ಮನೆತನ ಅಂತ ಎಲ್ಲರೂ ಹೇಳ್ತಾರೆ” ಅನ್ನುತ್ತಾರಲ್ಲ, ಹಾಗೆಯೇ. ಪಿಎಚ್‌ಡಿಗೆ ಹೋಗುವವರಿಗೆ ಅದರಿಂದ ಉಪಯೋಗ ಇರಲಿಕ್ಕೂ ಸಾಕು. ಒಂದು ವರ್ಷ ಕೂತು ಎದ್ದು ಬರುವವಳಿಗೆ ಎಂತ?

ಹಾಗಾದರೆ ನಾನು ಹೇಗೆ ಆರಿಸಿದೆ? ಅರ್ಜಿಯಲ್ಲಿ ಚೆಂದದ ಕಾರಣ ಬರೆದಿದ್ದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಓದಿದ್ದು ಟ್ಯೂಬಿಂಗೆನ್‌ನಲ್ಲಿ. 1894ರ ನಿಘಂಟಿನ ಕಿಟೆಲ್ ತೀರಿಕೊಂಡದ್ದು ಅದೇ ಊರಲ್ಲಿ, 1903ರಲ್ಲಿ. ಮಲಯಾಳಂ ನಿಘಂಟು ಬರೆದ ಗುಂಡರ್ಟ್ ಸಂಗ್ರಹಿಸಿದ ಹಳೆಯ ಪುಸ್ತಕಗಳು ಅಲ್ಲಿನ ಲೈಬ್ರರಿಯಲ್ಲಿವೆ. ಎಲ್ಲ ನಿಜವೇ. ಆ ಸಂಗ್ರಹ ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ, ಉಡುಪಿಯಲ್ಲೇ ಕೂತು ನೋಡಬಹುದಿತ್ತು ಅನ್ನುವುದೂ ನಿಜ. ಮಾವನಿಗೆ ಅದನ್ನು ಹೇಳಲಿಲ್ಲ.

ಅಸಲಿ ಕಾರಣ ಬೇರೆ. ಕಾಲೇಜಿಗೆ ಒಪ್ಪಂದ ಇದ್ದದ್ದು ಎರಡೇ ಕಡೆ. ಒಂದು ಕಡೆಯವರು ರೂಮು ನೀವೇ ಹುಡುಕಿಕೊಳ್ಳಿ ಅಂದರು, ಟ್ಯೂಬಿಂಗೆನ್‌ನವರು ಹಾಸ್ಟೆಲ್ ಕೊಡುತ್ತೇವೆ ಅಂದರು. ಮುಗಿಯಿತು. ಆ ಊರು ಇರುವ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸು ಉಂಟು. ಒಪ್ಪಂದದ ಮೇಲೆ ಹೋದರೆ ಅದು ಇಲ್ಲ. ಆದರೂ ವೀಸಾಕ್ಕೆ ವರ್ಷದ ಖರ್ಚನ್ನು ಮೊದಲೇ ಬ್ಯಾಂಕಿನಲ್ಲಿಟ್ಟು ತೋರಿಸಬೇಕು, 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ. ತಿಂಗಳಿಗೆ 992ರ ಹಾಗೆ ತೆಗೆಯಲು ಬಿಡುತ್ತಾರೆ. ರ‍್ಯಾಂಕು ಕೇಳುವವರು ಇದನ್ನು ಕೇಳುವುದಿಲ್ಲ.

ಇನ್ನೊಂದು ಸಂಗತಿಗೆ ನಾನೇ ದಂಡ ತೆತ್ತೆ. ಅಲ್ಲಿ ಓದಿನ ಭಾರ ಅಳೆಯುವುದು ಕ್ರೆಡಿಟ್‌ನಲ್ಲಿ, ಸೆಮಿಸ್ಟರಿಗೆ 30ರ ಲೆಕ್ಕ. ಯಾವ ಪೇಪರಿಗೆ ಬದಲು ಯಾವುದು ಅಂತ ಹೊರಡುವ ಮೊದಲೇ ಎರಡೂ ಕಡೆಯವರ ಸಹಿ ಹಾಕಿಸಿಕೊಳ್ಳಬೇಕು. ಒಂದು ಪೇಪರನ್ನು ಅಲ್ಲಿಗೆ ಹೋದ ಮೇಲೆ ಆಸೆಪಟ್ಟು ಬದಲಿಸಿದೆ, ಇಲ್ಲಿ ಮೇಲ್ ಮಾಡಿ ಕೇಳಲಿಲ್ಲ. ಆ ಪೇಪರು ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ವಾಪಸು ಬಂದು ಜೂನಿಯರ್‌ಗಳ ಸಾಲಿನಲ್ಲಿ ಕೂತು ಪರೀಕ್ಷೆ ಬರೆದೆ. ನಮ್ಮ ಕಾಲೇಜಿನ ಆಫೀಸಿನವರು ಫೈಲು ಮುಚ್ಚಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇಷ್ಟು ಜನ ಕೇಳಿದರಲ್ಲ, ಭಾನುವಾರ ಎಂತ ಮಾಡ್ತಿದ್ದೆ ಅಂತ ಒಬ್ಬರಾದರೂ ಕೇಳಬಾರದಾ?

ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಬಂದ್. ಡಿಸೆಂಬರಿನಲ್ಲಿ ನಾಲ್ಕೂವರೆಗೆ ಕತ್ತಲೆ. ಆರು ಜನರಿಗೆ ಒಂದು ಅಡುಗೆಮನೆ. ನಾನು ಕುಕ್ಕರಿನಲ್ಲಿ ಕುಚ್ಚಲಕ್ಕಿ ಇಡುತ್ತಿದ್ದೆ. ಮೊದಲ ಸೀಟಿ ಕೇಳಿ ಇಬ್ಬರು ರೂಮಿನಿಂದ ಓಡಿ ಬಂದಿದ್ದರು, ಒಬ್ಬನ ಕಾಲಲ್ಲಿ ಒಂದೇ ಸಾಕ್ಸು. ಆಮೇಲೆ ಅಭ್ಯಾಸವಾಯಿತು, ಮೂರನೇ ಸೀಟಿಗೆ ತಟ್ಟೆ ಹಿಡಿದೇ ಬರುತ್ತಿದ್ದರು. ಗಂಜಿ, ಅಮ್ಮ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿ. ಕ್ರಿಸ್‌ಮಸ್ ರಜೆಗೆ ಅವರೆಲ್ಲ ಊರಿಗೆ ಹೋದರು. ಅದೇ ವಾರ ಕುಕ್ಕರಿನ ಗ್ಯಾಸ್ಕೆಟ್ ಬಿರಿಯಿತು. ಸೀಟಿ ಇಲ್ಲ, ಬರೀ ಬುಸ್ ಅಂತ ಹಬೆ. ಅಕ್ಕಿ ಬೇಯಲು ಒಂದೂವರೆ ಗಂಟೆ. ಒಲೆಯ ಎದುರು ನಿಂತು ಅತ್ತದ್ದುಂಟು. ಆ ಹೊತ್ತಿಗೆ ಅಮ್ಮನ ಫೋನು ಬಂದರೆ ಎತ್ತುತ್ತಿರಲಿಲ್ಲ. ಆಮೇಲೆ, ಲೈಬ್ರರಿಯಲ್ಲಿದ್ದೆ ಅಂತ ಮೆಸೇಜು. ಅವತ್ತು ಲೈಬ್ರರಿಗೂ ರಜೆ.

ಮದುವೆಯ ದಿನ ಕೈ ತೊಳೆಯುವಲ್ಲಿ ಮಾವನ ಮಗಳು ಹಿಂದೆಯೇ ಬಂದಳು. ಊಟದುದ್ದಕ್ಕೂ ತುಟಿ ಬಿಚ್ಚದವಳು.

“ಅಕ್ಕ, ಕುಕ್ಕರ್ ಇಲ್ಲಿಂದಲೇ ತಕೊಂಡು ಹೋಗಬೇಕಾ?”

“ಹೌದು, ಮೂರು ಲೀಟರಿಂದು,” ಅಂದೆ. “ಗ್ಯಾಸ್ಕೆಟ್ ಎರಡು ಜಾಸ್ತಿ ಇಟ್ಟುಕೋ.”