ಸೆಖೆಯಲ್ಲಿ ಕಬಡ್ಡಿ

ಮೊಬೈಲ್ ಕಾಸರಗೋಡಿಗೆ 33 ಡಿಗ್ರಿ ಎಂದು ತೋರಿಸುತ್ತಿದೆ. ಬಳ್ಳಾರಿಯವರು ನೋಡಿದರೆ ನಕ್ಕಾರು. ಆದರೆ ಕುಂಬಳೆಯ ಕಡೆ ಏಪ್ರಿಲ್ ಸಂಜೆ ಕಬಡ್ಡಿ ಅಭ್ಯಾಸಕ್ಕೆ ಇಳಿದ ಹುಡುಗರನ್ನು ಕೇಳಿ ನೋಡಿ.

ವ್ಯಾಯಾಮದ ಶರೀರಶಾಸ್ತ್ರ ಓದಿದವರ ಲೆಕ್ಕವೇ ಬೇರೆ. ದುಡಿಯುವ ಸ್ನಾಯು ಬಳಸುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಶಾಖವಾಗಿಯೇ ಹೋಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೊಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಆವಿಯಾದರೆ ಮಾತ್ರ! ಕಡಲಿನ ತೇವ ತುಂಬಿದ ಗಾಳಿಯಲ್ಲಿ ಬೆವರು ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ಮೈ ತಣಿಯುವುದಿಲ್ಲ. ಅದಕ್ಕೇ 1950ರ ದಶಕದಲ್ಲಿ ಅಮೆರಿಕದ ಸೈನಿಕ ತರಬೇತಿ ಶಿಬಿರಗಳಿಗಾಗಿ ರೂಪಿಸಿದ, ಸೆಖೆ ಅಳೆಯುವ ಸೂಚ್ಯಂಕದಲ್ಲಿ ಗಾಳಿಯ ತೇವವನ್ನೂ ಲೆಕ್ಕಕ್ಕೆ ತರುವ, ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕಕ್ಕೆ ಶೇ. 70 ತೂಕ, ಬಿಸಿಲು ಹೀರುವ ಕಪ್ಪು ಗೋಳಕ್ಕೆ 20, ನಾವು ದಿನಾ ನೋಡುವ ಉಷ್ಣಾಂಶಕ್ಕೆ ಬರೀ 10.

ದೇಹವೇನೋ ಹೊಂದಿಕೊಳ್ಳುತ್ತದೆ. ಎರಡು ವಾರ ದಿನವೂ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಬಿಸಿಗೆ ಒಗ್ಗಿಸಿದರೆ ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಹೋಗುವ ಉಪ್ಪೂ ಕಡಿಮೆಯಾಗುತ್ತದೆ. ನಮ್ಮಲ್ಲಿ ಅಷ್ಟು ವ್ಯವಧಾನ ಯಾರಿಗಿದೆ? ಪರೀಕ್ಷೆಗೆಂದು ಫ್ಯಾನಿನ ಕೆಳಗೆ ಕುಳಿತಿದ್ದ ಹುಡುಗರು ರಜೆ ಸಿಕ್ಕಿದ್ದೇ ತಡ ನೇರ ಟೂರ್ನಮೆಂಟಿನ ಅಂಕಣಕ್ಕೆ.

'ಆಟದ ಮಧ್ಯೆ ನೀರು ಕುಡಿಯಬಾರದು' ಎನ್ನುವ ತರಬೇತುದಾರರು ಈಗಲೂ ಸಿಗುತ್ತಾರೆ. ಅಂಥವರನ್ನೇ ಅರ್ಧ ಗಂಟೆ ರೈಡಿಗೆ ಇಳಿಸಿ, ಕೆತ್ತಿದ ಎಳನೀರಿನ ಬೊಂಡವನ್ನು ಗೆರೆಯ ಆಚೆ ಇಡಬೇಕು ಎನಿಸುತ್ತದೆ.