ಗಾಲ್ಜಿಬಾಗ್ ತೀರದಲ್ಲಿ ಮೂಳೆ, ಚಿಪ್ಪು ಹುಡುಕಲು ಹೊರಟವರಿಗೆ

ಗೋವಾದಲ್ಲಿ ಮೂಳೆ, ಚಿಪ್ಪು ಹುಡುಕುವ ಹುಚ್ಚು ಇದ್ದರೆ ಬಾಗಾ, ಕಲಂಗೂಟ್ ಕಡೆ ಹೋಗಲೇಬೇಡಿ. ಅಲ್ಲಿ ಜನ ಏಳುವ ಮೊದಲೇ ತೀರ ಗುಡಿಸಿರುತ್ತಾರೆ. ಪ್ಲಾಸ್ಟಿಕ್ ಜೊತೆಗೆ ಅಲೆ ತಂದು ಹಾಕಿದ್ದೂ ಚೀಲ ಸೇರಿರುತ್ತದೆ. ನನ್ನ ಕೇಳಿದರೆ ದಕ್ಷಿಣದ ಕಾಣಕೋಣ ತಾಲ್ಲೂಕಿನ ಗಾಲ್ಜಿಬಾಗ್ ಸರಿ. ಒಂದು ತುದಿಗೆ ತಳಪಣ ನದಿ, ಇನ್ನೊಂದು ತುದಿಗೆ ಗಾಲ್ಜಿಬಾಗ್ ನದಿ, ನಡುವೆ ಗಾಳಿಮರಗಳ ತೋಪು. ಘಟ್ಟದ ಬುಡದಿಂದ ನದಿ ಕಟ್ಟಿಗೆ, ಬೀಜ, ದನದ ಮೂಳೆ ಹೊತ್ತು ತರುತ್ತದೆ. ಉಳಿದದ್ದನ್ನು ಕಡಲು ತರುತ್ತದೆ. ಹೆಸರುವಾಸಿ ಬೀಚ್‌ಗಿಂತ ನದಿ ಬಾಯಿ ಇರುವ ಬೀಚ್ ಮೇಲು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಕಡೆಯಿಂದ ಹೋಗುವುದು ಸುಲಭ. ಕಾರವಾರದಲ್ಲಿ ಮಡಗಾಂವ್ ಬಸ್ ಹತ್ತಿದರೆ ಪೋಳೆ ಗಡಿ ದಾಟಿ ಕಾಣಕೋಣಕ್ಕೆ ಬಿಡುತ್ತದೆ. ಕೊಂಕಣ ರೈಲ್ವೆಗೂ ಅಲ್ಲಿ ಸ್ಟೇಷನ್ ಇದೆ. ಮುಂದಕ್ಕೆ ಬಾಡಿಗೆ ಸ್ಕೂಟರೇ ವಾಸಿ. ಕುಡಿಯುವ ನೀರು ಜೊತೆಗೇ ಒಯ್ಯಿರಿ.

ಹೊರಡುವ ದಿನವನ್ನು ರಜೆ ನೋಡಿ ಅಲ್ಲ, ಪಂಚಾಂಗ ನೋಡಿ ಗೊತ್ತುಮಾಡಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಉಬ್ಬರ ಜೋರು, ಇಳಿತವೂ ಜೋರು. ನೀರು ತುಂಬಾ ಮೇಲೆ ಬಂದು ತುಂಬಾ ಹಿಂದೆ ಸರಿಯುತ್ತದೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಸಮಯ ದಿನಾಲೂ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ನಿನ್ನೆ ಯಾರೋ ಹೇಳಿದ ಹೊತ್ತು ಇವತ್ತಿಗೆ ನಡೆಯುವುದಿಲ್ಲ. ಮೊಬೈಲ್‌ನಲ್ಲಿ ಆ ದಿನದ ವೇಳಾಪಟ್ಟಿ ನೋಡಿ, ಇಳಿತ ಶುರುವಾದ ಮೇಲೆ ತೀರಕ್ಕೆ ಇಳಿಯಿರಿ. ತಿಂಗಳಲ್ಲಿ ಅಕ್ಟೋಬರ್, ನವೆಂಬರ್ ನನಗೆ ಇಷ್ಟ. ಮಳೆಗಾಲದ ಅಲೆ ಎತ್ತಿ ಹಾಕಿದ್ದು ಇನ್ನೂ ಮೇಲೇ ಬಿದ್ದಿರುತ್ತದೆ, ಜನ ಕಡಿಮೆ.

ಎಲ್ಲರೂ ನೀರಿನ ಅಂಚಲ್ಲೇ ನಡೆಯುತ್ತಾರೆ. ಸುಮ್ನೆ ಕಾಲು ಒದ್ದೆ, ಅಷ್ಟೇ. ಕಸದ ಗೆರೆ ಹಿಡಿದು ನಡೆಯಿರಿ. ಪಾಚಿ, ಕಡ್ಡಿ, ಥರ್ಮೋಕೋಲ್ ಎಲ್ಲ ಸೇರಿ ಒಂದು ಉದ್ದ ಗೆರೆ ಆಗಿರುತ್ತದೆ. ಇಂಥದ್ದು ಸಾಮಾನ್ಯವಾಗಿ ಎರಡು ಇರುತ್ತವೆ. ಕೆಳಗಿನದು ಇವತ್ತಿನ ಉಬ್ಬರದ್ದು. ಮೇಲಿನದು ಹಿಂದಿನ ದೊಡ್ಡ ಉಬ್ಬರದ್ದು. ಹಗುರವಾದ, ಒಣಗಿದ ಮೂಳೆಗಳು ಜಾಸ್ತಿ ಸಿಗುವುದು ಮೇಲಿನದರಲ್ಲಿ. ರಂಪಣಿ, ಅಂದರೆ ಹಲವರು ಸೇರಿ ದಡಕ್ಕೆ ಎಳೆಯುವ ದೊಡ್ಡ ಬಲೆ, ಎಳೆಯುವ ಜಾಗ ಕಂಡರೆ ಅಲ್ಲೂ ನಿಲ್ಲಿ. ಬೇಡದ ಮೀನನ್ನು ಅಲ್ಲೇ ಬಿಸಾಡುತ್ತಾರೆ. ಕಾಗೆ, ಹದ್ದು, ಏಡಿ ಸೇರಿ ಮಾಂಸ ತಿಂದು ಮುಗಿಸಿದ ಮೇಲೆ ಉಳಿಯುವುದು ನಮ್ಮ ಪಾಲು.

ಅಕ್ಕನ ಮಗ ಜೊತೆಗೆ ಬಂದಿದ್ದ. ಒಂಬತ್ತನೇ ಕ್ಲಾಸು. ಅವನಿಗೆ ಹುಲಿಯ ಹಲ್ಲೇ ಸಿಗಬೇಕು. ಸಿಕ್ಕಿದ್ದು ಅಂಗೈ ಉದ್ದದ ಒಂದು ತಲೆಬುರುಡೆ.

"ಮಾಮಾ, ಇದರೊಳಗೆ ಏನೋ ಸಪ್ಪಳ ಆಗ್ತದ!"

ಮರುವಾಯಿ (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಿದ್ದ ಒಬ್ಬ ಹೆಂಗಸು ನಕ್ಕರು. ಕಾರವಾರದಿಂದ ಮದುವೆಯಾಗಿ ಬಂದವರು, ಕನ್ನಡ ಚೆನ್ನಾಗಿ ಬರುತ್ತಿತ್ತು. "ಶೇಡೆ ಮೀನಿಂದು ಮಗಾ. ತಿರುಗಿಸಿ ನೋಡು, ಶಿಲುಬೆ ಕಾಣ್ತದೆ," ಅಂದರು. ನಿಜ. ಕಡಲ ಶೇಡೆ ಮೀನಿನ (ಕ್ಯಾಟ್‌ಫಿಶ್) ಬುರುಡೆಯ ಕೆಳಭಾಗ ನೋಡಿದರೆ ಕೈ ಚಾಚಿ ಶಿಲುಬೆಯ ಮೇಲಿರುವ ಮನುಷ್ಯನ ಆಕಾರ. ಕಡಲ ತೀರದ ಕ್ರೈಸ್ತರಲ್ಲಿ ಹಲವು ದೇಶಗಳಲ್ಲಿ ಇದಕ್ಕೆ ಕಥೆ ಕಟ್ಟಿದ್ದಾರೆ, ಸಪ್ಪಳವನ್ನೂ ಕಥೆಗೆ ಸೇರಿಸಿದ್ದಾರೆ. ಸಪ್ಪಳ ಮಾಡುವುದು ಮೀನಿನ ಕಿವಿಕಲ್ಲು. ಮೀನು ಸಮತೋಲ ಹಿಡಿಯುವುದು, ಸದ್ದು ತಿಳಿಯುವುದು ಇದರ ಸಹಾಯದಿಂದ. ಮರದ ಕಾಂಡದಲ್ಲಿ ಇರುವ ಹಾಗೆ ಇದರಲ್ಲೂ ಪದರ ಪದರ ಬೆಳೆದಿರುತ್ತದೆ. ಅದನ್ನು ಎಣಿಸಿಯೇ ವಿಜ್ಞಾನಿಗಳು ಮೀನಿನ ವಯಸ್ಸು ಹೇಳುತ್ತಾರೆ. ಹುಡುಗ ಹುಲಿಯನ್ನು ಮರೆತ.

ಬೆಳ್ಳಗೆ, ದೋಣಿ ಆಕಾರದಲ್ಲಿ, ಎತ್ತಿದರೆ ತೂಕವೇ ಇಲ್ಲದ ವಸ್ತು ಕಂಡರೆ ಥರ್ಮೋಕೋಲ್ ಅಂತ ಬಿಡಬೇಡಿ. ಅದು ಕಪ್ಪೆ ಬೊಂಡಾಸ್ (ಕಟಲ್‌ಫಿಶ್) ಮೈಯೊಳಗಿನ ಚಿಪ್ಪು. ತುಂಬಾ ಸಣ್ಣ ಸಣ್ಣ ಕೋಣೆಗಳಿದ್ದು, ಒಳಗೆ ಗಾಳಿ ತುಂಬಿರುವುದರಿಂದ ತೇಲಿಕೊಂಡು ಬರುತ್ತದೆ. ಗ್ರಂಥಿಗೆ ಅಂಗಡಿಯ ಸಮುದ್ರ ನೊರೆ ಇದೇ. ಗಿಳಿ ಸಾಕುವವರು ಸುಣ್ಣದಂಶಕ್ಕೆಂದು ಪಂಜರದಲ್ಲಿ ಕಟ್ಟುತ್ತಾರೆ.

ಚಿಪ್ಪುಗಳಲ್ಲಿ ಗುಂಡಗಿನ ತೂತು ಇರುವುದನ್ನು ಹುಡುಕಿ. ತೂತಿನ ಅಂಚು ನಯವಾಗಿ ಇಳಿಜಾರಾಗಿದ್ದರೆ ಅದು ಕೊಲೆಯ ಗುರುತು. ಒಂದು ಜಾತಿಯ ಬೇಟೆಗಾರ ಬಸವನಹುಳು ಚಿಪ್ಪು ಕೊರೆದು ಒಳಗಿನ ಜೀವ ತಿಂದಿದೆ. ನನಗಂತೂ ಅಖಂಡ ಶಂಖಕ್ಕಿಂತ ಇದೇ ಇಷ್ಟ. ಅಂದಹಾಗೆ, ಒಳ್ಳೆಯ ಖಾಲಿ ಶಂಖಗಳನ್ನು ಅಲ್ಲೇ ಬಿಡಿ. ಸನ್ಯಾಸಿ ಏಡಿಗಳಿಗೆ ಮನೆ ಬೇಕಲ್ವಾ? ಕೋನ್ ಆಕಾರದ, ಚಿತ್ತಾರ ಇರುವ ಶಂಖವನ್ನು ಒಳಗೆ ಜೀವ ಇದೆಯೋ ಇಲ್ಲವೋ ತಿಳಿಯದೆ ಕೈಯಲ್ಲಿ ಹಿಡಿಯಬೇಡಿ. ಅದು ಚುಚ್ಚುತ್ತದೆ, ವಿಷ ಇದೆ. ನೀಲಿ ಬಲೂನಿನ ಹಾಗೆ ಬಿದ್ದಿರುವ ಬ್ಲೂಬಾಟಲ್ ಅನ್ನುವ ಕಡಲ ಜೀವಿ ಸತ್ತಿದ್ದರೂ ಕುಟುಕುತ್ತದೆ.

ನದಿ ಬಾಯಿ ಕಡೆ ದನದ ಹಲ್ಲು ಸಿಗುತ್ತದೆ. ಮೇಲ್ಭಾಗದಲ್ಲಿ ಅರ್ಧಚಂದ್ರದ ಗೆರೆಗಳಿದ್ದರೆ ಮೆಲುಕು ಹಾಕುವ ಪ್ರಾಣಿಯ ದವಡೆ ಹಲ್ಲು ಅನ್ನಿ. ಹಕ್ಕಿಯ ಮೂಳೆ ಮುರಿದಿದ್ದರೆ ಒಳಗೆ ಟೊಳ್ಳು, ಅಲ್ಲಲ್ಲಿ ಸಣ್ಣ ಆಧಾರದ ಕಡ್ಡಿ.

ಇನ್ನು ಮುಖ್ಯ ಮಾತು. ಗಾಲ್ಜಿಬಾಗ್‌ನಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡುತ್ತವೆ. ಚಳಿಗಾಲದಲ್ಲಿ ಹೋದರೆ ಅರಣ್ಯ ಇಲಾಖೆಯವರು ಗೂಡಿಗೆ ಬೇಲಿ ಹಾಕಿರುವುದು ಕಾಣುತ್ತದೆ. ಹತ್ತಿರ ಹೋಗಬೇಡಿ, ರಾತ್ರಿ ಟಾರ್ಚ್ ಬಿಡಬೇಡಿ, ಅಲ್ಲಿ ಮರಳು ಕೆದಕಲೇಬೇಡಿ. ಆಮೆಯ ಚಿಪ್ಪು, ಡಾಲ್ಫಿನ್ ಮೂಳೆ, ಹವಳ, ಕಡಲಕುದುರೆ ಸತ್ತು ಬಿದ್ದಿದ್ದರೂ ಮನೆಗೆ ತರುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇವುಗಳನ್ನು ಕಾಪಾಡುತ್ತದೆ. ಕೆಲವು ಶಂಖ, ಚಿಪ್ಪುಗಳೂ ಪಟ್ಟಿಯಲ್ಲಿವೆ. ಹೆಸರು ಗೊತ್ತಿಲ್ಲದ್ದನ್ನು ಫೋಟೋ ತೆಗೆದು ಬಿಡುವುದು ನನ್ನ ಪದ್ಧತಿ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ತೆಗೆದರೆ ಆಮೇಲೆ ಅಳತೆ ತಿಳಿಯುತ್ತದೆ. ದೊಡ್ಡ ಪ್ರಾಣಿ ಸತ್ತು ಬಿದ್ದಿದ್ದರೆ ತೀರದ ಜೀವರಕ್ಷಕರಿಗೋ ಅರಣ್ಯ ಇಲಾಖೆಗೋ ತಿಳಿಸಿ.

ಅದೇ ತಾಲ್ಲೂಕಿನ ಕೋಟಿಗಾಂವ್ ಅಭಯಾರಣ್ಯಕ್ಕೂ ಹೋಗುವುದಾದರೆ ಖಾಲಿ ಕೈಯಲ್ಲಿ ಹೋಗಿ ಖಾಲಿ ಕೈಯಲ್ಲೇ ಬನ್ನಿ. ಉದುರಿದ ಜಿಂಕೆ ಕೊಂಬೂ ಅಲ್ಲಿಂದ ಹೊರಗೆ ಬರಬಾರದು.

ತಂದ ಮೀನು ಬುರುಡೆಯನ್ನು ಕುದಿಸಬೇಡಿ, ಜಿಡ್ಡು ಒಳಕ್ಕೆ ಹೋಗಿ ಕೂರುತ್ತದೆ. ಬ್ಲೀಚಿಂಗ್ ಪುಡಿಯಂತೂ ಬೇಡವೇ ಬೇಡ, ಮೂಳೆ ಪುಡಿಪುಡಿ ಆಗುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ನೆನೆಹಾಕಿ, ನೀರು ಬದಲಿಸುತ್ತಾ ಇರಿ. ಜಿಡ್ಡು ಹೋದ ಮೇಲೆ ಮೆಡಿಕಲ್ ಶಾಪ್‌ನ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಬೆಳ್ಳಗಾಗುತ್ತದೆ. ಸಮುದ್ರ ನೊರೆಗೆ ಬರೀ ಸಿಹಿನೀರು ಸಾಕು. ಹಿಂದಿರುಗುವಾಗ ಮುಚ್ಚಳ ಬಿಗಿಯಾಗಿರುವ ಡಬ್ಬಿ ಬೇಕೇ ಬೇಕು. ಪ್ಲಾಸ್ಟಿಕ್ ಚೀಲದಲ್ಲಿ ತಂದರೆ ಕಾರವಾರ ಬಸ್ಸಿನಲ್ಲಿ ನಿಮ್ಮ ಪಕ್ಕ ಯಾರೂ ಕೂರುವುದಿಲ್ಲ.