ಟೂಂಬ್‌ಸ್ಟೋನ್‌ನ ಮಣ್ಣಿನ ಗೋಡೆಯ ಸಲೂನ್

ಅಮೆರಿಕದ ಅರಿಜೋನಾ ರಾಜ್ಯದ ಟೂಂಬ್‌ಸ್ಟೋನ್ ಊರು ಹೆಸರಾಗಿರುವುದು 1881ರ ಅಕ್ಟೋಬರ್ 26ರ ಗುಂಡಿನ ಕಾಳಗದಿಂದ. ಸುಮಾರು ಅರ್ಧ ನಿಮಿಷದಲ್ಲಿ ಮುಗಿದ ಆ ಜಗಳವನ್ನು ಈಗಲೂ ಟಿಕೆಟ್ ಇಟ್ಟು ಆಡಿ ತೋರಿಸುತ್ತಾರೆ. ಮಗಳು, ಅಳಿಯ ಅದನ್ನು ನೋಡಲು ಹೋದರು. "ನೀವೂ ಬನ್ನಿ ಮಾವ" ಅಂತ ಅಳಿಯಂದಿರು ಕರೆದರು. ಆದರೆ ಓವರ್‌ಸಿಯರ್ ಕೆಲಸದಲ್ಲೇ ಕೂದಲು ಬೆಳ್ಳಗಾದವನಿಗೆ ಬಂದೂಕಿಗಿಂತ ಗೋಡೆಯ ಮೇಲೆ ಕಣ್ಣು ಜಾಸ್ತಿ. ನಾನು ಅಲೆನ್ ಸ್ಟ್ರೀಟ್ ಹಿಡಿದು ಬರ್ಡ್ ಕೇಜ್, ಅಂದರೆ ಹಕ್ಕಿ ಪಂಜರ, ಅನ್ನುವ ಥಿಯೇಟರ್ ಕಡೆ ನಡೆದೆ.

ಹೆಸರಿಗೆ ಥಿಯೇಟರ್. ಕುಡಿತ, ಜೂಜು, ಹಾಡು-ಕುಣಿತ, ಮೈ ಮಾರಾಟ ಎಲ್ಲವೂ ಒಂದೇ ಸೂರಿನಡಿ ನಡೆಯುತ್ತಿದ್ದ ಸಲೂನ್ ಅದು. (ಕ್ಷೌರದಂಗಡಿ ಅಲ್ಲ, ಮತ್ತೆ!) 1881ರ ಡಿಸೆಂಬರ್‌ನಲ್ಲಿ ಬಿಲ್ಲಿ ಹಚಿನ್ಸನ್ ಮತ್ತು ಅವನ ಹೆಂಡತಿ ಲಾಟಿ ಇದನ್ನು ತೆರೆದರು. ಎಡ್ ಶೀಫ್ಲಿನ್ ಅನ್ನುವವನಿಗೆ ಇಲ್ಲಿ ಬೆಳ್ಳಿ ಸಿಕ್ಕಿದ್ದು 1877ರಲ್ಲಿ. ಎರಡೇ ವರ್ಷಕ್ಕೆ ಊರು ಎದ್ದಿತ್ತು, ಗಣಿಯವರ ಕೈಯಲ್ಲಿ ದುಡ್ಡು ಓಡಾಡುತ್ತಿತ್ತು.

ಗೋಡೆ ಅಡೋಬಿಯದು, ಅಂದರೆ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆಯದು. ಮರುಭೂಮಿಯ ಊರು, ಮರ ಬೇಕೆಂದರೆ ದೂರದ ಬೆಟ್ಟದಿಂದ ಗಾಡಿಯಲ್ಲಿ ಬರಬೇಕು. ಮಣ್ಣು ಕಾಲ ಕೆಳಗೇ ಇದೆ. ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ಕಾಲಿಟ್ಟ ಕೂಡಲೇ ತಂಪು. ನಮ್ಮ ಗದಗದ ಕಡೆಯ ಮಾಳಿಗೆ ಮನೆಗೆ ನುಗ್ಗಿದ ಹಾಗೆ. ದಪ್ಪ ಮಣ್ಣಿನ ಗೋಡೆ ಹಗಲಿನ ಕಾವನ್ನು ಮೆಲ್ಲಗೆ ಹೀರಿ ರಾತ್ರಿ ಬಿಡುತ್ತದೆ, ಅಷ್ಟೇ ಲೆಕ್ಕ.

ಒಳಗಿನ ಹಂಚಿಕೆ ಬಹಳ ಜಾಣತನದ್ದು. ಮುಂದೆ ಬಾರ್, ಅದರ ಹಿಂದೆ ಹಾಲ್, ಕೊನೆಗೆ ವೇದಿಕೆ. ಹಾಲ್‌ನ ಎರಡೂ ಬದಿಗೆ, ತಲೆಯ ಮೇಲೆ, ಬಾಲ್ಕನಿಯಲ್ಲಿ 14 ಸಣ್ಣ ಕೋಣೆಗಳು. ಅವೇ ಆ ಪಂಜರಗಳು. ಪರದೆ ಎಳೆದುಕೊಂಡರೆ ಖಾಸಗಿ, ಸರಿಸಿದರೆ ಕೆಳಗಿನ ನಾಟಕ ಕಾಣುತ್ತದೆ. ಇಸ್ಪೀಟಿನ ಕೋಣೆ ನೆಲಮಾಳಿಗೆಯಲ್ಲಿ. ಗಿರಾಕಿ ಎಲ್ಲಿ ಕೂತರೂ ಖರ್ಚು ಮಾಡಬೇಕು, ಹಾಗೆ ಕಟ್ಟಿದ್ದಾರೆ. ಅಗಲ ಕಡಿಮೆ ಇರುವ ನಿವೇಶನದಲ್ಲಿ ಇಷ್ಟು ತುಂಬಿಸಿದವನಿಗೆ ಒಂದು ನಮಸ್ಕಾರ ಹಾಕಲೇಬೇಕು.

ಗೋಡೆ, ಸೂರು ಸೇರಿ 140 ಗುಂಡಿನ ತೂತುಗಳಿವೆ ಅನ್ನುತ್ತಾರೆ. ಕೆಳಗಿನ ಕೋಣೆಯಲ್ಲಿ ಒಂದೇ ಇಸ್ಪೀಟಾಟ ಎಂಟು ವರ್ಷ ಬಿಡದೆ ನಡೆಯಿತಂತೆ. ತೂತುಗಳನ್ನಾದರೂ ಒಪ್ಪೋಣ. ಎಂಟು ವರ್ಷದ ಆಟದ ಕಥೆ ಟಿಕೆಟ್ ಮಾರುವವರಿಗೆ ಬೇಕಾದದ್ದು, ನನಗಂತೂ ಗಂಟಲಲ್ಲಿ ಇಳಿಯಲಿಲ್ಲ.

ನನಗೆ ನಿಜವಾಗಿ ಸೋಜಿಗ ಅನ್ನಿಸಿದ್ದು ಈ ಊರಿನ ನೀರು-ಬೆಂಕಿಯ ಕಥೆ. 1881ರ ಜೂನ್‌ನಲ್ಲಿ ಒಂದು ಸಲೂನ್‌ನಲ್ಲಿ ಚುಟ್ಟಾದ ಕಿಡಿ ವಿಸ್ಕಿ ಪೀಪಾಯಿಗೆ ತಗುಲಿ 66 ಅಂಗಡಿ-ಮುಂಗಟ್ಟುಗಳು ಸುಟ್ಟವು. ಮರುವರ್ಷ ಮೇ ತಿಂಗಳಲ್ಲಿ ಮತ್ತೆ ಬೆಂಕಿ, ಪೇಟೆಯ ಬಹುಭಾಗ ಬೂದಿ. ಬರ್ಡ್ ಕೇಜ್ ಉಳಿದುಕೊಂಡಿತು. ಮಣ್ಣಿನ ಗೋಡೆ ಹೊತ್ತಿಕೊಳ್ಳುವುದಿಲ್ಲ ನಿಜ, ಆದರೆ ಸೂರು ಮರದ್ದಲ್ವಾ? ಅದೃಷ್ಟವೂ ಇತ್ತು ಅಂತಲೇ ನನ್ನ ಲೆಕ್ಕ. ಆ ಊರಿಗೆ ಸುಮಾರು 40 ಕಿಲೋಮೀಟರ್ ದೂರದ ಹುವಾಚುಕಾ ಬೆಟ್ಟದಿಂದ ಕೊಳವೆಯಲ್ಲಿ ನೀರು ತರಬೇಕಾಯಿತು. ಅದೇ ಹೊತ್ತಿಗೆ ನೆಲದೊಳಗೆ 520 ಅಡಿ ಆಳದಲ್ಲಿ ಗಣಿಗಳಿಗೆ ನೀರು ನುಗ್ಗುತ್ತಿತ್ತು! ಅದನ್ನು ಎತ್ತಿ ಹಾಕಲು ದೊಡ್ಡ ಪಂಪುಗಳನ್ನು ಕೂರಿಸಿದರು. 1886ರಲ್ಲಿ ಗ್ರ್ಯಾಂಡ್ ಸೆಂಟ್ರಲ್ ಗಣಿಯ ಪಂಪ್‌ಹೌಸಿಗೇ ಬೆಂಕಿ ಬಿತ್ತು. ಬೆಳ್ಳಿಯ ಬೆಲೆಯೂ ಇಳಿದಿತ್ತು. ಗಣಿ ಮುಳುಗಿತು, ಜನ ಗಂಟುಮೂಟೆ ಕಟ್ಟಿದರು. ಬರ್ಡ್ ಕೇಜ್ ಕೂಡ ಬಾಗಿಲು ಹಾಕಿತು.

ಕೆಡವಿ ಹೊಸದು ಕಟ್ಟಲು ಊರಲ್ಲಿ ದುಡ್ಡಿರಲಿಲ್ಲ, ಬಾಡಿಗೆಗೆ ಬರುವವರೂ ಕಡಿಮೆ. ಹಾಗಾಗಿ ಗೋಡೆಯ ಕಾಗದ, ಬಾರ್ ಕಟ್ಟೆ ಎಲ್ಲ ಇದ್ದ ಹಾಗೇ ಉಳಿಯಿತು. 1934ರಲ್ಲಿ ಪ್ರವಾಸಿಗರಿಗಾಗಿ ಮತ್ತೆ ತೆರೆದರು.

ಇಂಥ ಗೋಡೆ ಇರುವ ಮನೆಯವರಿಗೆ ಒಂದು ಮಾತು. ಗಟ್ಟಿಯಾಗಲಿ ಅಂತ ಸಿಮೆಂಟ್ ಗಿಲಾವು ಮಾತ್ರ ಮಾಡಿಸಬೇಡಿ. ಬುಡದಿಂದ ಏರಿದ ಪಸೆ ಹೊರಗೆ ಆರಲು ದಾರಿ ಸಿಗದೆ ಒಳಗಿನ ಇಟ್ಟಿಗೆ ಮೆತ್ತಗಾಗಿ ಕುಸಿಯುತ್ತದೆ. ಸುಣ್ಣ ಅಥವಾ ಮಣ್ಣಿನ ಗಿಲಾವೇ ಸರಿ. ನಮ್ಮೂರಲ್ಲಿ ಎಷ್ಟೋ ಹಳೇ ಮನೆ ಹೀಗೇ ಹೋದವು.

ಹೊರಗೆ ಬಂದಾಗ ಮಗಳು, ಅಳಿಯ ಐಸ್‌ಕ್ರೀಮ್ ಹಿಡಿದು ನಿಂತಿದ್ದರು. ಅಲ್ಲಿಂದ ಬಿಸ್ಬೀ ಕಡೆ ಹೊರಟೆವು. 1929ರಲ್ಲಿ ಟೂಂಬ್‌ಸ್ಟೋನ್‌ನ ಕೈಯಿಂದ ಜಿಲ್ಲಾ ಕೇಂದ್ರದ ಪಟ್ಟ ಕಿತ್ತುಕೊಂಡ ತಾಮ್ರದ ಗಣಿಯೂರು ಅದು. ಅಲ್ಲಿನ ಮೆಟ್ಟಿಲುಗಳ ಬಗ್ಗೆ ಮುಂದಿನ ಬಾರಿ ಬರೆಯುತ್ತೇನೆ.